ಮಲ್ಲಟದ ಹೊಸ ಅಕಿ

ಇವತ್ತು ಬೆಳಿಗ್ಗೆ ಮನೆಯಲ್ಲಿ ಹೊಸ ಅಕ್ಕಿ ಚೀಲದ ಹೊಲಿಗೆ ಬಿಚ್ಚುವಾಗ ಅಚ್ಚಿನ ಬಣ್ಣದ ವಾಸನೆ ರಪ್ಪನೆ ಮೂಗಿಗೆ ಬಡಿಯಿತು. ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ಮ್ಯಾನೇಜರನಾಗಿ ಕೂತು ತಲೆ ಬೆಳ್ಳಗಾದವನು ನಾನು. ಕಾಳನ್ನು ಹಲ್ಲಿಗಿಟ್ಟು ಅದು ಯಾವ ಊರಿನ ಭತ್ತದ್ದೆಂದು ಹೇಳುವೆನೆಂಬ ಜಂಬ ಬೇರೆ. ಚೀಲದ ಮೇಲಿನ ಅಕ್ಷರವನ್ನು ಮಾತ್ರ ನೆಟ್ಟಗೆ ನೋಡಿದವನಾಗಿರಲಿಲ್ಲ. ನೀವಾದರೂ ನೋಡಿದ್ದೀರಾ?

ನೋಡದ್ದಕ್ಕೆ ಎರಡು ವರ್ಷದ ಹಿಂದೆ ತಕ್ಕ ಶಾಸ್ತಿಯಾಯಿತು. ಮಾನ್ವಿ ಕಡೆಯ ಮಲ್ಲಟ ಎಂಬ ಊರಿನ ಭತ್ತಕ್ಕೆಂದೇ ಬೇರೆ ಚೀಲ ಮಾಡಿಸುವುದೆಂದಾಗ ‘ಮಲ್ಲಟದ ಹೊಸ ಅಕ್ಕಿ’ ಎಂದು ನಾನೇ ಟೈಪು ಮಾಡಿ ಕಳಿಸಿದೆ. ಅಚ್ಚಿನವರ ಕಂಪ್ಯೂಟರು ನಮ್ಮ ಫಾಂಟಿನ ಒತ್ತಕ್ಷರಗಳನ್ನೆಲ್ಲ ನುಂಗಿಹಾಕಿತ್ತು. ಅವರು ತೋರಿಸಿದ ಮಾದರಿಯನ್ನು ಕನ್ನಡಕವಿಲ್ಲದೆ ನೋಡಿ ‘ಓಕೆ’ ಅಂದವನೂ ನಾನೇ. ಚೀಲಗಳು ಬಂದವು: ‘ಮಲಟದ ಹೊಸ ಅಕಿ’. ನಮ್ಮ ಕಡೆ ಅಕಿ ಎಂದರೆ ಅವಳು. ಗಿರಣಿಯಲ್ಲಿ ನಗೆಯೋ ನಗೆ.

“ಮ್ಯಾನೇಜರ್ರ, ಮಲ್ಲಟದಾಗ ಹೊಸ ಅಕಿ ಯಾರ್ರೀ? ಮನ್ಯಾಗ ಅಕ್ಕಾರಿಗೆ ಗೊತ್ತದೇನು?”

ನನ್ನ ಹೆಂಡತಿಗೆ ಗೊತ್ತಿತ್ತು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

ನಗದೆ ನಿಂತವನು ಹಮಾಲಿ ಯಂಕಪ್ಪ ಒಬ್ಬನೇ. ದೇವದುರ್ಗದ ಕಡೆ ಗೂಗಲ್ ಎಂಬ ಹಳ್ಳಿಯವನು, ಓದು ಬರಹ ಬಾರದವನು. ಅವನ ಮಗಳು ರೇಣುಕಾ ಆಗ ನಗರದಲ್ಲೇ ಗ್ರಾಫಿಕ್ ಡಿಸೈನ್ ಓದಲು ಸೇರಿದ್ದಳು. ಅಕ್ಷರ ಬರೆಯುವುದಕ್ಕೂ ಕಾಲೇಜು ಬೇಕೇ ಎಂದು ಅವನಿಗೆ ಅನುಮಾನ. ಬಿಡಿಸಿ ಟೀಚರ್ ಟ್ರೇನಿಂಗಿಗೆ ಹಾಕುತ್ತೇನೆಂದು ಹೇಳುತ್ತಲೇ ಇದ್ದ. ಅಂದು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ನಮ್ಮ ಅಕಿ ಸರಿ ಮಾಡ್ತಾಳೇನು ನೋಡ್ರಿ ಸರ. ಆಗಲಿಲ್ಲಂದ್ರ ಆ ಓದು ಸಾಕು” ಅಂದ. ಹೀಗೆ ಆ ಹುಡುಗಿಯ ಓದು ನನ್ನ ತಪ್ಪಿಗೆ ಬಂದು ಗಂಟುಬಿತ್ತು.

ಬಿಟ್ಟುಹೋದ ಒತ್ತು ಸೇರಿಸಲು ಅರ್ಧ ಗಂಟೆ ಸಾಕೆಂದುಕೊಂಡಿದ್ದೆ. ರೇಣುಕಾ ಕಂಪ್ಯೂಟರ್ ಮುಟ್ಟಲೇ ಇಲ್ಲ. ಎರಡು ದಿನ ಗೋದಾಮಿನಲ್ಲಿ ಸುಮ್ಮನೆ ಕೂತಳು. ಆಮೇಲೆ ಬಸ್ಸು ಹತ್ತಿ ಮಾನ್ವಿ, ದೇವದುರ್ಗದ ಅಂಗಡಿಗಳನ್ನೆಲ್ಲ ಸುತ್ತಿ ಬಂದಳು. ಹುಡುಗಿಗೆ ಕೆಲಸ ಬಾರದು, ಕಾಲ ತಳ್ಳುತ್ತಿದ್ದಾಳೆ ಎಂದೇ ನಾನು ನಂಬಿದೆ.

“ಅಂಗಡ್ಯಾಗ ಚೀಲ ಒಂದರ ಮ್ಯಾಲೊಂದು ಒಟ್ಟಿರ್ತಾರ್ರಿ ಸರ,” ಅಂದಳು ಬಂದವಳು. “ಮ್ಯಾಲಿನ ಅಕ್ಷರ ಅಷ್ಟ ಕಾಣ್ತಾವ. ಒತ್ತು ಚೀಲದ ಮಡಿಕ್ಯಾಗ ಮುಚ್ಚಿ ಹೋಗ್ತದ. ಅಚ್ಚಿನವರು ಒತ್ತು ಹಾಕಿದ್ರೂ ಮಂದಿ ಅಕಿ ಅಂತನಽ ಓದ್ತಿದ್ರು.”

ನಾನು ಒಂದು ಚೀಲ ಮಡಚಿ ನೋಡಿದೆ. ಅವಳೇ ಮುಂದುವರಿಸಿದಳು.

“ಕೆಳಗ ಕುಂತದ ಅಂತ ಎಲ್ಲಾರೂ ಒತ್ತು ಸಣ್ಣದು ಬರೀತಾರ್ರಿ. ಬಾಯಾಗ ಅಂದು ನೋಡ್ರಿ, ಅಕ್ಕಿ. ಭಾರ ಬೀಳೂದು ಎಲ್ಲಿ? ಅದರ ಮ್ಯಾಲಽ ಅಲ್ಲೇನ್ರಿ?”

ಅಂದು ನೋಡಿದೆ. ಹೌದು! ಇಷ್ಟು ವರ್ಷ ಕನ್ನಡ ಬರೆದ ಕೈ ನನ್ನದು; ಇದು ಹೊಳೆದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಬೆರಗಾಯಿತು.

ಅವಳು ಬರೆದ ‘ಅಕ್ಕಿ’ಯಲ್ಲಿ ಒತ್ತು ಮೇಲಿನ ಅಕ್ಷರದಷ್ಟೇ ದಪ್ಪ, ಅದಕ್ಕಿಂತ ತುಸು ಅಗಲ; ಚೀಲ ಒಟ್ಟಿದರೂ ಕಾಣುವಂತಿತ್ತು. ಮೇಲಿನದನ್ನು ಬೆನ್ನ ಮೇಲೆ ಹೊತ್ತಂತಿತ್ತು. ಗಿರಣಿಯ ಸಾಹುಕಾರರು ನೋಡಿ “ಇದನ್ನಽ ಮಾಡ್ಸ್ರಿ” ಅಂದರು. ಯಂಕಪ್ಪ ಒತ್ತಿನ ಮೇಲೆ ಬೆರಳಾಡಿಸಿದ.

“ಈ ಕೆಳಗಿಂದು ಏನವ್ವಾ?”

“ಒತ್ತು, ಯಪ್ಪಾ. ಅದಿಲ್ದಿದ್ರ ಅಕ್ಕಿ ಆಗಂಗಿಲ್ಲ.”

ಅವನು ಅದರ ಮೇಲೆ ಇನ್ನೊಮ್ಮೆ ಬೆರಳೆಳೆದ. ಆಮೇಲೆ “ಓದು ಹಂಗಾರ” ಅಂದ. ಇನ್ನೊಂದು ಚೀಲ ಎತ್ತಲು ಹೋದ.

ರೇಣುಕಾಳದು ಈಗ ಕೊನೆಯ ವರ್ಷ. ನನಗಂತೂ ಬಸ್ಸಿನ ಫಲಕ, ಅಂಗಡಿಯ ಬೋರ್ಡು, ಎಲ್ಲದರ ಒತ್ತು ನೋಡುವ ಹುಚ್ಚು ಹತ್ತಿದೆ.

ಇವತ್ತು ಗಿರಣಿಗೆ ಹೋದಾಗ, ಇಷ್ಟು ವರ್ಷ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಯಂಕಪ್ಪ ಪೆನ್ನು ಕೇಳಿದ. ಮಗಳು ಕಲಿಸಿದ್ದಾಳಂತೆ. ಉಸಿರು ಬಿಗಿಹಿಡಿದು ‘ಯಂಕಪ್ಪ’ ಎಂದು ಬರೆದ. ಕೊನೆಯ ‘ಪ್ಪ’ದ ಒತ್ತು ಎಲ್ಲಕ್ಕಿಂತ ದೊಡ್ಡದಾಗಿ, ಗೆರೆ ದಾಟಿ ಕೆಳಗಿನ ಸಾಲಿನ ಮನೆಯನ್ನೂ ತುಂಬಿತ್ತು. ಪುಸ್ತಕ ಕೆಡಿಸಿದವರನ್ನು ನಾನು ಬೈಯದೆ ಬಿಟ್ಟವನಲ್ಲ.

ಹಿಂದೆ ನಿಂತವನು ಕೇಳಿದ, “ನಾ ಎಲ್ಲಿ ಸೈ ಹಾಕ್ಲಿರೀ?”

“ಒಂದು ಸಾಲು ಬಿಟ್ಟು ಹಾಕಪಾ,” ಅಂದೆ.