ಸ್ಪೀಕರಿಗೆ ಹಾಕಿದ ಗುಟ್ಟು

ಲಕ್ಷ್ಮೀಪುರಂನಲ್ಲಿ ನಮ್ಮ ಎದುರುಮನೆಯಲ್ಲಿದ್ದ ನಿವೃತ್ತ ಮೇಷ್ಟ್ರು ಫೋನನ್ನು ಕಿವಿಗೆ ಇಟ್ಟಿದ್ದನ್ನು ನಾನು ಕಂಡಿಲ್ಲ. ಒಳಗೆ ಸಿಗ್ನಲ್ ಇಲ್ಲವೆಂದು ಗೇಟಿಗೆ ಬಂದು, ವೀಳ್ಯದೆಲೆಗೆ ಸುಣ್ಣ ಹಚ್ಚುವವರ ಹಾಗೆ ಅದನ್ನು ಅಂಗೈ ಮೇಲೆ ಹಿಡಿದು, "ಸ್ಪೀಕರ್‌ಗೆ ಹಾಕಿದ್ದೀನಿ, ಜೋರಾಗಿ ಹೇಳು!" ಎನ್ನುತ್ತಿದ್ದರು. ಅವರ ಮಂಡಿನೋವಿನ ಮಾತ್ರೆಗಳ ಹೆಸರು ಬೀದಿಗೆಲ್ಲ ಬಾಯಿಪಾಠವಾಗಿತ್ತು.

ಒಂದು ಬೆಳಿಗ್ಗೆ ನಾವು ನಾಲ್ವರು ಹೆಂಗಸರು ತರಕಾರಿ ಗಾಡಿಯ ಹತ್ತಿರ ನಿಂತಿದ್ದಾಗ ಆ ಫೋನಿನಿಂದ ಅವರ ಮಗಳ ದನಿ ಬಂತು. "ಅಪ್ಪಾ, ನನಗೀಗ ಎರಡು ತಿಂಗಳು. ಹೋದ್ಸಲದ ಹಾಗೇ ಆಗ್ಬುಟ್ರೆ ಎಲ್ರೂ ಬಂದು ಕೇಳ್ತಾರೆ, ನನಗೆ ತಡ್ಕೊಳ್ಳೋಕಾಗಲ್ಲ. ಮೂರು ತುಂಬೋವರೆಗೂ ಯಾರಿಗೂ ಹೇಳ್ಬೇಡಿ."

"ಛೇ, ನಾನ್ಯಾರಿಗೆ ಹೇಳ್ಲಮ್ಮಾ!" ಎಂದು ಮೇಷ್ಟ್ರು ಬೀದಿಯ ಕೊನೆಗೂ ಕೇಳುವಂತೆ ಮಾತು ಕೊಟ್ಟರು.

ನಾವು ಬದನೆಕಾಯಿಗಳನ್ನೇ ನೋಡುತ್ತ ನಿಂತೆವು. ಗಾಡಿಯವಳು ಮೆಲ್ಲಗೆ, "ನಮಗ್ಯಾರಿಗೂ ಏನೂ ಕೇಳಿಸ್ಲಿಲ್ಲ ಕಣ್ರವ್ವಾ, ಆಯ್ತಾ?" ಎಂದಳು. ಆ ಮಾತನ್ನು ನಾವೆಲ್ಲ ಉಳಿಸಿಕೊಂಡೆವು.

ಮೂರು ತಿಂಗಳು ತುಂಬಿದ ಮೇಲೆ ಮೇಷ್ಟ್ರು ಮೈಸೂರು ಪಾಕು ಹಿಡಿದು ನಮ್ಮ ಮನೆಗೆ ಬಂದರು. ವಿಷಯ ತಿಳಿಸಿ, ದನಿ ತಗ್ಗಿಸಿ, "ಮಗಳಿಗೆ ಮಾತು ಕೊಟ್ಟಿದ್ದೆ ಕಣಮ್ಮ. ಗುಟ್ಟು ಹೇಗೆ ಕಾಪಾಡ್ದೆ ನೋಡಿ!" ಎಂದರು.

ಮಕ್ಕಳೇ, ನಿಮ್ಮಜ್ಜಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಆದರೂ ಕಣ್ಣರಳಿಸಿ, "ಹೌದಾ ಮೇಷ್ಟ್ರೇ? ನಮಗೆ ಸುಳಿವೇ ಸಿಗಲಿಲ್ವಲ್ಲ!" ಎಂದೆ.