ಖಾಲಿ ಜಾಗ ಹಸಿರಾಗಿ ಕಂಡದ್ದು

ಕೊರೊನಾ ಮುಗಿದು ಎರಡನೇ ವರ್ಷ. ನಾನಾಗ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಡೆವಲಪರ್ ಆಗಿದ್ದೆ. ಕೆಳಗಡೆ ಲೇತ್ ಮೆಷಿನ್‌ಗಳ ವರ್ಕ್‌ಶಾಪ್, ಮೇಲಿನ ಮಹಡಿಯಲ್ಲಿ ನಾವು ಆರು ಜನ. ಡಯಾಲಿಸಿಸ್ ಕೇಂದ್ರಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ರೋಗಿಯ ಹಾಸಿಗೆಯ ಪಕ್ಕದ ಸ್ಕ್ರೀನಿನಲ್ಲಿ ಏನು ಕಾಣಬೇಕು ಎಂಬುದೆಲ್ಲ ನನ್ನ ಜವಾಬ್ದಾರಿ. ಇಪ್ಪತ್ತೆರಡು ವರ್ಷ ಕೋಡ್ ಬರೆದವಳು ಎಂಬ ಜಂಬ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಲಿ.

ಆ ಸ್ಕ್ರೀನಿನ ನೆತ್ತಿಯಲ್ಲಿ ಒಂದು ಬಣ್ಣದ ಪಟ್ಟಿ. ರೋಗಿಗೆ ಯಾವುದಾದರೂ ಔಷಧಿ ಅಲರ್ಜಿಯಾಗಿದ್ದರೆ ಪಟ್ಟಿ ಕೆಂಪಾಗಿ ಔಷಧಿಯ ಹೆಸರು ತೋರಿಸುತ್ತದೆ. ರೋಗಿಯನ್ನು ಕೇಳಿ, ಅಂಥದ್ದೇನೂ ಇಲ್ಲ ಎಂದು ಖಚಿತವಾಗಿದ್ದರೆ ಹಸಿರು. ಇನ್ನೂ ಯಾರೂ ಕೇಳಿಯೇ ಇಲ್ಲದಿದ್ದರೆ ಹಳದಿ. ಹಳದಿ ಕಂಡರೆ ನರ್ಸ್ ಮೊದಲು ವಿಚಾರಿಸಬೇಕು, ಇಂಜೆಕ್ಷನ್ ಏನಿದ್ದರೂ ಆಮೇಲೆ.

ಬಸವೇಶ್ವರನಗರದ ಒಂದು ಕೇಂದ್ರದಲ್ಲಿ ನಮ್ಮ ಸಾಫ್ಟ್‌ವೇರ್ ಹಾಕಿ ಎರಡು ತಿಂಗಳಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ಅಲ್ಲಿನ ಮುಖ್ಯ ವೈದ್ಯೆ ಡಾಕ್ಟರ್ ಮಂಜುಳಾ ಫೋನ್ ಮಾಡಿದರು. ರಂಗಸ್ವಾಮಿ ಎಂಬ ನಿವೃತ್ತ ಬಸ್ ಡ್ರೈವರ್‌ಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟ ಹತ್ತು ನಿಮಿಷಕ್ಕೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಸುಧಾರಿಸಿಕೊಂಡರು, ಪುಣ್ಯ. ಆದರೆ ಆ ಔಷಧಿ ತನಗೆ ಆಗುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತಂತೆ. ಸ್ಕ್ರೀನ್ ಮಾತ್ರ ಹಸಿರು ತೋರಿಸಿತ್ತು.

"ನಿಮ್ಮ ಸಾಫ್ಟ್‌ವೇರ್ ತಪ್ಪಾ, ನಮ್ಮ ಸ್ಟಾಫ್ ತಪ್ಪಾ, ಅಷ್ಟು ಹೇಳಿ" ಎಂದರು ಡಾಕ್ಟರ್.

ನಾನು ಲಾಗ್ ತೆಗೆದು ನೋಡಿದೆ. ಯಾರು ಯಾವ ಹೊತ್ತಿಗೆ ಯಾವ ಸ್ಕ್ರೀನ್ ತೆರೆದರು ಎಂಬ ದಾಖಲೆ ಅದು. ಸ್ಕ್ರೀನ್ ತೆರೆದವರು ಸ್ಟಾಫ್ ನರ್ಸ್ ಗಿರಿಜಾ, ಪಟ್ಟಿ ಹಸಿರು. ಹಸಿರಿದೆ ಎಂದರೆ ಯಾರೋ "ವಿಚಾರಿಸಿದ್ದೇನೆ" ಎಂದು ಒತ್ತಿರಲೇಬೇಕು, ಈ ಎರಡು ತಿಂಗಳು ಆ ರೋಗಿಯನ್ನು ನೋಡಿಕೊಳ್ಳುತ್ತಿದ್ದವರು ಗಿರಿಜಾ ಒಬ್ಬರೇ. ಲೆಕ್ಕ ಸರಿಹೋಯಿತು ಅನ್ನಿಸಿತು. "ಸಾಫ್ಟ್‌ವೇರ್ ಸರಿಯಾಗಿದೆ. ವಿಚಾರಿಸದೆ ಗುರುತು ಹಾಕಿರುವ ಸಾಧ್ಯತೆ ಇದೆ" ಎಂದು ಎರಡು ಸಾಲಿನ ಮೇಲ್ ಕಳಿಸಿ ಕಾಫಿಗೆ ಎದ್ದು ಹೋದೆ.

ಬುಧವಾರ ಬೆಳಿಗ್ಗೆ ಗಿರಿಜಾ ನಮ್ಮ ಆಫೀಸಿಗೇ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಕೆಂಗೇರಿಯಿಂದ ವಿಳಾಸ ಹುಡುಕಿಕೊಂಡು ಬಂದಿದ್ದರು. ನನ್ನ ಮೇಲ್ ನೋಡಿ ಕೇಂದ್ರದವರು ಅವರಿಗೆ ಮನೆಯಲ್ಲಿರಲು ಹೇಳಿದ್ದಾರೆ, ಕೆಲಸದ ಬಗ್ಗೆ ಶನಿವಾರ ತೀರ್ಮಾನ. ಅಜಾಗರೂಕತೆ ಎಂದು ಬರೆದು ಕಳಿಸಿದರೆ ಬೇರೆ ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಳಬಹುದು, ಇಲ್ಲವೇ ಜಗಳ ಆಡಬಹುದು ಎಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ.

"ಮೇಡಂ, ನಾನು ಅವ್ರನ್ನ ಕೇಳಿಲ್ಲ, ನಿಜ. ಕೇಳಿದೀನಿ ಅಂತ ಎಲ್ಲೂ ಒತ್ತೂ ಇಲ್ಲ. ಕಂಪ್ಯೂಟರ್ ಬಂದ ಮೊದಲ್ನೇ ದಿನಾನೇ ಅವ್ರದ್ದು ಹಸಿರಿತ್ತು. ಹಸಿರಿದೆ, ಇನ್ಯಾರೋ ಕೇಳಿರ್ತಾರೆ ಅನ್ಕೊಂಡೆ."

ಆಮೇಲೆ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಕಂಪ್ಯೂಟರ್ ಬರುವ ಮುಂಚಿನ ಹಳದಿ ರಟ್ಟಿನ ಕಾರ್ಡ್, ರಂಗಸ್ವಾಮಿಯವರದ್ದು. ಅಲರ್ಜಿ ಎಂಬಲ್ಲಿ ಏನೂ ಬರೆದಿರಲಿಲ್ಲ.

"ಏನೂ ಇಲ್ಲ ಅಂತ ತಾನೇ ಅರ್ಥ?" ಎಂದೆ.

"ಅಲ್ಲ ಮೇಡಂ. ಕೇಳಿ, ಇಲ್ಲ ಅಂದ್ರೆ ನಾವು ಗೀಟು ಎಳೀತೀವಿ. ಕೇಳದೇ ಇದ್ರೆ ಹಂಗೇ ಬಿಡ್ತೀವಿ. ಇದು ಹಂಗೇ ಬಿಟ್ಟಿರೋದು."

ನನ್ನ ಕುತೂಹಲ ಕೆರಳಿದ್ದು ಆಗ. ಡೇಟಾಬೇಸ್ ತೆರೆದೆ. ಗೀಟು ಎಳೆದ ಕಾರ್ಡುಗಳನ್ನು ನಮ್ಮವರು ಕಂಪ್ಯೂಟರಿಗೆ ಸರಿಯಾಗಿಯೇ ತುಂಬಿಸಿದ್ದರು: ವಿಚಾರಿಸಿದೆ, ಯಾವ ಔಷಧಿಯ ಹೆಸರೂ ಇಲ್ಲ. ಹಾಗೇ ಬಿಟ್ಟ ಜಾಗಕ್ಕೆ "ನಲ್" ಎಂದು ಹಾಕಿದ್ದರು. ನಲ್ ಎಂದರೆ ಏನೂ ಇಲ್ಲ. ಅದೂ ಸರಿಯೇ. ಡೇಟಾ ಏನೂ ಇಲ್ಲ ಎನ್ನುತ್ತಿದೆ, ಸ್ಕ್ರೀನ್ ವಿಚಾರಿಸಿ ಆಗಿದೆ ಎನ್ನುತ್ತಿದೆ. ಹಾಗಾದರೆ ನಡುವೆ ಸುಳ್ಳು ಹೇಳುತ್ತಿರುವವರು ಯಾರು?

ಇಲ್ಲಿ ಸ್ವಲ್ಪ ವಿವರಿಸಬೇಕು. ಸ್ಕ್ರೀನಿನ ಕೋಡ್ ಇದ್ದದ್ದು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ. ಅದರಲ್ಲಿ ಒಂದಕ್ಕೊಂದು ಸಂಬಂಧಿಸಿದ ಮಾಹಿತಿಯನ್ನೆಲ್ಲ ಸೇರಿಸಿಡುವ ಡಬ್ಬಿಗೆ ಆಬ್ಜೆಕ್ಟ್ ಎನ್ನುತ್ತಾರೆ. ಕೈಗೆ ಬಂದದ್ದು ಡಬ್ಬಿಯೋ, ಸಂಖ್ಯೆಯೋ, ಬರೀ ಅಕ್ಷರವೋ ಎಂದು ತಿಳಿಯಲು ಟೈಪ್‌ಆಫ್ ಎಂಬ ಪದ ಬಳಸಿ ಕೇಳಬೇಕು. ನಮ್ಮ ಕೋಡ್ ಕೇಳುತ್ತಿದ್ದದ್ದು ಇಷ್ಟೇ: ಇದು ಆಬ್ಜೆಕ್ಟೇ? ಹೌದಾದರೆ ಒಳಗೆ ಔಷಧಿಯ ಹೆಸರಿದೆಯೇ? ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಆಬ್ಜೆಕ್ಟೇ ಅಲ್ಲದಿದ್ದರೆ ಹಳದಿ.

ಗಿರಿಜಾ ಪಕ್ಕದಲ್ಲೇ ಕೂತಿದ್ದರು. ನಾನು ಬ್ರೌಸರ್ ತೆರೆದು typeof null ಎಂದು ಟೈಪ್ ಮಾಡಿದೆ. ಉತ್ತರ ಬಂತು: object.

ಏನೂ ಇಲ್ಲ ಎಂಬುದನ್ನೂ ಈ ಭಾಷೆ ಡಬ್ಬಿ ಎಂದೇ ಕರೆಯುತ್ತದೆ. ಭಾಷೆ ಹುಟ್ಟಿದ ಕಾಲದಲ್ಲಿ ಆದ ಎಡವಟ್ಟು. ಈಗ ಸರಿಪಡಿಸಿದರೆ ಅದನ್ನೇ ನಂಬಿಕೊಂಡಿರುವ ಹಳೆಯ ವೆಬ್ ಪುಟಗಳು ಕೆಡುತ್ತವೆಂದು ಹಾಗೇ ಬಿಟ್ಟಿದ್ದಾರೆ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕೆಲಸ ಕೇಳಿಕೊಂಡು ಬಂದ ಹೊಸಬರಿಗೆ ಇದೇ ಪ್ರಶ್ನೆ ಹಾಕಿ, ಅವರು ತಡಬಡಾಯಿಸುವುದನ್ನು ನೋಡುತ್ತಿದ್ದವಳು ನಾನು. ಆ ಸಾಲು ಬರೆದವರು ಯಾರೆಂದು ಹುಡುಕಿದರೆ ನನ್ನದೇ ಹೆಸರು. ನಲ್‌ನ ಒಳಗೆ ಇಣುಕಲು ಹೋದರೆ ಸಾಮಾನ್ಯವಾಗಿ ಪ್ರೋಗ್ರಾಂ ಮುಗ್ಗರಿಸಿ ನಿಲ್ಲುತ್ತದೆ. ಹಾಗೆ ನಿಲ್ಲಬಾರದೆಂದು ಮುತುವರ್ಜಿ ವಹಿಸಿದವಳೂ ನಾನೇ. ನಿಂತಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆ.

ಪರೀಕ್ಷೆ ಮಾಡಿರಲಿಲ್ಲವೇ ಎಂದರೆ, ಮಾಡಿದ್ದೆವು. ಆದರೆ ನಾವು ಸೃಷ್ಟಿಸಿದ ರೋಗಿಗಳೆಲ್ಲ ಹೊಸಬರು. ಹೊಸಬರಿಗೆ ಆ ಜಾಗವೇ ಇರುವುದಿಲ್ಲ, ನಲ್ ಕೂಡ ಇರುವುದಿಲ್ಲ, ಹಾಗಾಗಿ ಹಳದಿ ಸರಿಯಾಗಿ ಬರುತ್ತಿತ್ತು. ರಟ್ಟಿನ ಕಾರ್ಡಿನಿಂದ ಬಂದ ಹಳಬರಿಗೆ ಮಾತ್ರ ಈ ಗ್ರಹಚಾರ. ನಲ್ ಆಗಿದ್ದರೆ ಹಳದಿ ತೋರಿಸು ಎಂಬ ಒಂದೇ ಶರತ್ತು ಸೇರಿಸಿದೆ. ಐದು ನಿಮಿಷದ ಕೆಲಸ.

ನಮ್ಮ ಮಾಲೀಕ ಪ್ರಭಾಕರ್ ವಿಷಯ ಕೇಳಿ ಬಾಗಿಲು ಹಾಕಿಕೊಂಡರು. "ಮುಂದಿನ ಅಪ್‌ಡೇಟ್ ಜೊತೆ ಸೇರಿಸಿ ಕಳ್ಸಿಬಿಡಿ ಮೇಡಂ. ಯಾರಿಗೂ ಗೊತ್ತಾಗಲ್ಲ."

"ಗಿರಿಜಾಗೆ ಗೊತ್ತಿದೆ ಸಾರ್. ಶನಿವಾರ ಅವರ ಕೆಲಸ ಹೋಗುತ್ತೆ" ಎಂದೆ. ಅವರು ಎದ್ದು ಬಾಗಿಲು ತೆರೆದು, "ಹೋಗ್ಬನ್ನಿ ಹಾಗಾದ್ರೆ" ಎಂದರು. ಕೆಟ್ಟ ಮನುಷ್ಯರಲ್ಲ.

ಆಟೊದಲ್ಲಿ ಇಬ್ಬರೂ ಬಸವೇಶ್ವರನಗರಕ್ಕೆ ಹೋದೆವು. ಡಾಕ್ಟರ್ ಮಂಜುಳಾ ಪೂರ್ತಿ ಕೇಳಿಸಿಕೊಂಡರು.

"ಮತ್ತೆ ನೆನ್ನೆ ಕಳ್ಸಿದ ಮೇಲ್?"

"ಅದು ತಪ್ಪು ಡಾಕ್ಟ್ರೇ. ಕೋಡ್ ನೋಡದೆ ಬರೆದೆ. ಹಾಗಂತ ಈಗಲೇ ಬರೆದುಕೊಡ್ತೀನಿ."

ಡಾಕ್ಟರ್ ನನ್ನನ್ನು ಬಿಟ್ಟು ಗಿರಿಜಾ ಕಡೆ ತಿರುಗಿದರು. "ನಾನೂ ಹಸಿರು ನೋಡೇ ಇಂಜೆಕ್ಷನ್ ಬರೆದಿದ್ದು ಸಿಸ್ಟರ್. ನಾಳೆಯಿಂದ ಡ್ಯೂಟಿಗೆ ಬನ್ನಿ."

ಗಿರಿಜಾ ನಿಟ್ಟುಸಿರು ಬಿಟ್ಟು ಸಮಾಧಾನಪಟ್ಟುಕೊಳ್ಳುತ್ತಾರೆ ಎಂದುಕೊಂಡೆ. ಅವರು ನನ್ನನ್ನು ಕೇಳಿದರು: "ಮೇಡಂ, ಹಿಂಗೇ ಸುಳ್ಳು ಹಸಿರು ಇನ್ನೆಷ್ಟು ಜನರದ್ದಿದೆ?"

ನಾನು ಅದನ್ನು ಎಣಿಸಿಯೇ ಇರಲಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಎಣಿಸಿದೆ. ಹತ್ತೊಂಬತ್ತು ಜನ. ಅದರಲ್ಲಿ ಏಳು ಜನ ಆ ಹೊತ್ತಿಗೆ ಒಳಗೆ ಮೆಷಿನ್‌ಗೆ ಜೋಡಿಸಿಕೊಂಡು ಮಲಗಿದ್ದರು.

"ನಾಳೆ ಯಾಕೆ" ಎಂದು ಗಿರಿಜಾ ಡಾಕ್ಟರ್ ಮೇಜಿನಿಂದ ಒಂದು ಪೆನ್ನು ತೆಗೆದುಕೊಂಡು, ಏಳೂ ಹೆಸರುಗಳನ್ನು ಹಾಳೆಗೆ ಇಳಿಸಿಕೊಂಡು ಒಳಗೆ ನಡೆದರು. ನಾನು ಲ್ಯಾಪ್‌ಟಾಪ್ ಹಿಡಿದು ಹಿಂದೆ ಹೋದೆ. ಒಂದೊಂದು ಹಾಸಿಗೆಯ ಹತ್ತಿರ ನಿಂತು, ಅವಸರವಿಲ್ಲದೆ, ಒಂದೇ ಪ್ರಶ್ನೆ. ಮೊದಲ ಐವರು ಇಲ್ಲ ಎಂದರು, ಐದು ಗೀಟು. ಆರನೆಯವರು ಪುಟ್ಟಲಕ್ಷ್ಮಮ್ಮ, ಮೂರು ವರ್ಷದಿಂದ ವಾರಕ್ಕೆ ಮೂರು ಸಲ ಅಲ್ಲಿಗೆ ಬರುತ್ತಿದ್ದವರು.

"ಅಮ್ಮಾ, ಯಾವ್ದಾದ್ರೂ ಔಷಧಿ ನಿಮ್ಗೆ ಆಗಲ್ವಾ?"

"ಹೂಂ ಕಣಮ್ಮ. ನೋವಿನ ಇಂಜೆಕ್ಷನ್ ಒಂದು. ಹಿಂದೆ ಕೊಟ್ಟಾಗ ನಾಲ್ಗೆ ಊದ್ಕೊಂಡು ಜೀವ ಹೋಗಂಗಾಗಿತ್ತು. ಚೀಟಿ ಪರ್ಸಲ್ಲೇ ಇಟ್ಕೊಂಡಿದೀನಿ."

"ಮತ್ತೆ ಹೇಳ್ಬಾರ್ದಾ ಅಮ್ಮಾ?"

"ಯಾರೂ ಕೇಳ್ಲಿಲ್ವಲ್ಲ."

ಗಿರಿಜಾ ಚೀಟಿ ನೋಡಿ ಹೆಸರು ಬರೆದುಕೊಂಡು ಏಳನೆಯವರ ಹತ್ತಿರ ಹೋದರು. ನಾನು ಅಲ್ಲೇ ನಿಂತು ಪುಟ್ಟಲಕ್ಷ್ಮಮ್ಮನವರ ಪಟ್ಟಿಯನ್ನು ಕೆಂಪು ಮಾಡಿದೆ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಇಲ್ಲ ಎಂಬ ಉತ್ತರ ಬೇರೆ, ಕೇಳದೆ ಬಿಟ್ಟ ಪ್ರಶ್ನೆ ಬೇರೆ. ಇವೆರಡನ್ನು ಯಂತ್ರ ತಾನಾಗಿ ಬೇರೆ ಮಾಡುವುದಿಲ್ಲ, ನಾವು ಮಾಡಿಕೊಡಬೇಕು. ಕೋಡಿನಲ್ಲಿ ನಾನದನ್ನು ಐದು ನಿಮಿಷದಲ್ಲಿ ಸರಿಪಡಿಸಿದೆ. ಆದರೆ ಆ ಎರಡು ಸಾಲಿನ ಮೇಲ್ ಕಳಿಸುವ ಮುಂಚೆ ಗಿರಿಜಾಗೆ ಒಂದು ಫೋನ್ ಮಾಡಿ, ಏನಾಯಿತು ಸಿಸ್ಟರ್ ಎನ್ನಬಹುದಿತ್ತು. ಅವರನ್ನು ನಾನೂ ಕೇಳಿರಲಿಲ್ಲ.