ಎಲೆತೋಟದ ಮೂಲೆಯಲ್ಲಿ ಸಿಕ್ಕ ತಾಮ್ರ

ಸಿಂಚನ, ಚೇತನ್, ಹೋದ ಸೋಮವಾರ ನಾನು ಅರಸೀಕೆರೆ ಕಡೆಯ ನನ್ನ ತವರಿಗೆ ಹೋಗಿ ಬಂದೆ. ಅಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆಯುವಾಗ ಸಂಕೋಚ ಕಡಿಮೆ.

ಹೋದ ಕಾರಣ ಇದು. ತವರೂರಿನ ಗುಡ್ಡದಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಒಂದು ಕಂಪನಿಯವರು ಅಲ್ಲಿ ಮತ್ತೆ ತಾಮ್ರ ಹುಡುಕುತ್ತಿದ್ದಾರೆ. ನಮ್ಮ ತೋಟದ ಮಣ್ಣಿನಲ್ಲಿ ಅದು ಹೆಚ್ಚಾಗಿ ಕಂಡಿತಂತೆ. ಕೊರೆಯುವ ಯಂತ್ರ ಒಳಗೆ ಬರಬೇಕಾದರೆ ನಮ್ಮವ್ವ ನೆಟ್ಟ ತೆಂಗಿನಲ್ಲಿ ಎಂಟು ಮರ ಕಡಿಯಬೇಕು. ಪಹಣಿಯಲ್ಲಿ ತಮ್ಮ ರಂಗನ ಜೊತೆ ನನ್ನ ಹೆಸರೂ ಇರುವುದರಿಂದ ನನ್ನ ಸಹಿ ಬೇಕಿತ್ತು.

ಮಾದಿಹಳ್ಳಿಯಿಂದ ಬೆಳಿಗ್ಗೆ ಏಳೂವರೆಗೆ ಹೊರಟೆ. ಹಳೇಬೀಡಿನಲ್ಲಿ ಇಳಿದು ಅರಸೀಕೆರೆ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಸೀಟು ಹಾಗಲ್ಲ. ಜಾವಗಲ್‌ವರೆಗೆ ನಿಂತೇ ಇದ್ದೆ. ಚೀಲದಲ್ಲಿ ಆಧಾರ್ ಕಾರ್ಡಿಗೆ ತಡಕಾಡುತ್ತಿದ್ದಾಗ ಕಂಡಕ್ಟರು, "ಬಿಡಿ ಅಜ್ಜಿ, ಮುಖ ನೋಡುದ್ರೇ ಕರ್ನಾಟಕ ಕಾಣ್ತದೆ" ಎಂದು ಟಿಕೆಟ್ಟು ಹರಿದುಕೊಟ್ಟರು. ಭತ್ತದ ಗದ್ದೆಗಳು ಹಿಂದಾಗಿ ರಾಗಿ ಹೊಲ, ತೆಂಗು ಶುರುವಾದವು. ಬಿಸಿಲೂ ಏರಿತು. ಅರಸೀಕೆರೆಯಲ್ಲಿ ಇಳಿದವರಲ್ಲಿ ಅರ್ಧ ಜನ ಮಾಲೇಕಲ್ಲಿನ ದೇವರ ದರ್ಶನಕ್ಕೆ ಹೋಗುವವರು. ನಾನು ಎರಡು ಇಡ್ಲಿ ತಿಂದು, ನೂರೈವತ್ತು ರೂಪಾಯಿಗೆ ಆಟೋ ಹಿಡಿದು ತೋಟ ಸೇರಿದೆ.

ಅಲ್ಲಿ ರಂಗನ ಜೊತೆ ಕಂಪನಿಯ ಮೇಡಂ ಕಾಯುತ್ತಿದ್ದರು. ಚಿಕ್ಕ ವಯಸ್ಸು. ಟೋಪಿ, ಬೂಟು, ಸೊಂಟದಲ್ಲಿ ಸುತ್ತಿಗೆ.

"ಹಿಂದಿನವರು ಒಂದು ಎಳೆ ಹಿಡಿದು ಅಗೆದ್ರು ಅಜ್ಜಿ" ಎಂದರು. "ನಾವು ಹುಡುಕ್ತಿರೋದು ಬಂಡೆ ತುಂಬ ಎಳ್ಳು ಚೆಲ್ಲಿದ ಹಾಗೆ ಹರಡಿರೋ ತಾಮ್ರ. ಊರ ಸುತ್ತ ಮಣ್ಣು ತೆಗೆದು ನೋಡಿದ್ವಿ. ಈ ಮೂಲೆಯಲ್ಲಿ ಬಂದಷ್ಟು ಎಲ್ಲೂ ಬಂದಿಲ್ಲ."

"ಗಣಿ ಮತ್ತೆ ಸುರುವಾದ್ರೆ ಊರಿಗೇ ಕೆಲ್ಸ ಐತೆ ಕಣಕ್ಕ" ಎಂದ ರಂಗ. "ಎಂಟು ಮರ ಏನ್ ಮಹಾ? ಹಾಕು ಸಹಿ."

ಪೆನ್ನು ಹಿಡಿದೆ. ಮೊದಲ ಅಕ್ಷರ ಬರೆದೂ ಆಗಿತ್ತು. ಆಗ ಕೊರೆಯುವ ಜಾಗಕ್ಕೆ ಗುರುತಾಗಿ ಕೆಂಪು ಬಟ್ಟೆ ಕಟ್ಟಿದ ಗೂಟ ಕಣ್ಣಿಗೆ ಬಿತ್ತು. ಅದನ್ನು ನೆಟ್ಟಿದ್ದದ್ದು ಅಪ್ಪನ ವೀಳ್ಯದೆಲೆ ತೋಟವಿದ್ದ ಜಾಗದಲ್ಲಿ. ರಂಗ ನಡೆಯಲು ಕಲಿಯುವ ಮೊದಲೇ ಆ ಬಳ್ಳಿಗಳನ್ನು ಕಿತ್ತಿದ್ದರು. ಅವನಿಗೆ ತಿಳಿಯುವಂತಿರಲಿಲ್ಲ. ಓದಿದವರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಆದರೂ ಹೇಳಿದೆ:

"ಮೇಡಂ, ಇಲ್ಲಿ ನಾವು ಮೈಲುತುತ್ತ ಕಲಸ್ತಿದ್ವಿ."

"ಸುಮ್ಕಿರಕ್ಕ, ಎಲ್ಲಿ ಮಾತ್ನ ಎಲ್ಲಿಗ್ ತತ್ತೀಯ!"

"ಇರಿ ರಂಗಣ್ಣ. ಏನಜ್ಜಿ ಅದು?"

"ನೀಲಿ ಹರಳು. ಬಳ್ಳಿ ಬುಡ ಕೊಳೀಬಾರ್ದು ಅಂತ ಸುಣ್ಣದ ನೀರಿಗೆ ಬೆರೆಸಿ ಮಳೆಗಾಲದಲ್ಲೆಲ್ಲ ಹುಯ್ತಿದ್ವಿ. ಉಳಿದದ್ದು ಈ ಮೂಲೆಗೇ ಚೆಲ್ಲೋದು. ಕುಡುಗೋಲು ಅದ್ದಿ ನೋಡೋದು ನನ್ ಕೆಲ್ಸ. ಕಬ್ಬಿಣ ಕೆಂಪಗಾದ್ರೆ ಸುಣ್ಣ ಸಾಲದು ಅಂತ."

"ಕೆಂಪಗೆ ಅಂದ್ರೆ? ತುಕ್ಕಿನ ಹಾಗಾ?"

"ಊಹೂಂ. ತಿಕ್ಕಿದ ತಾಮ್ರದ ತಂಬಿಗೆ ಹಾಗೆ."

ಮೇಡಂ ನನ್ನ ಕೈಯಿಂದ ಕಾಗದ ತೆಗೆದುಕೊಂಡರು. "ಮೈಲುತುತ್ತದಲ್ಲಿರೋದೂ ತಾಮ್ರವೇ ಅಜ್ಜಿ. ಎಷ್ಟು ವರ್ಷ ಹುಯ್ದಿರಿ?"

"ನಾನು ಸ್ಕೂಲಿಗೆ ಸೇರಿದಾಗಿಂದ ಮದ್ವೆ ಆಗೋವರ್ಗೂ."

ಇಬ್ಬರು ಆಳುಗಳು ಹಾರೆಯಿಂದ ಸೊಂಟದಾಳ ಗುಂಡಿ ತೋಡಿದರು. ಅಂಗಡಿಯಲ್ಲಿ ಬಿಲ್ಲು ಹಾಕುವ ಯಂತ್ರದಂಥದೊಂದನ್ನು ಮೇಡಂ ಮಣ್ಣಿಗೆ ಹಿಡಿದು ತಾಮ್ರ ಅಳೆಯುತ್ತಾ ಹೋದರು. ಮೇಲಿನ ಮಣ್ಣಿನಲ್ಲಿ ತಾಮ್ರ ಜೋರಾಗಿತ್ತು. ಮೊಣಕಾಲಾಳದಲ್ಲಿ ಇಳಿಯಿತು. ತಳದ ಮಣ್ಣು ಪಕ್ಕದ ಹೊಲದ ಮಣ್ಣಿನ ಹಾಗೇ ಇತ್ತು. ಬಂಡೆಯಿಂದ ಬಂದದ್ದಾಗಿದ್ದರೆ ಕೆಳಗೂ ಇರಬೇಕಿತ್ತಂತೆ. ಮೇಡಂ ಗೂಟ ಕಿತ್ತು ಜೀಪಿನಲ್ಲಿ ಹಾಕಿದರು. ಗುಡ್ಡದ ಆಚೆ ಬದಿಗೆ ಹೋಗಿ ನೋಡುತ್ತಾರಂತೆ.

ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ರಂಗ ಎರಡನೆಯ ಮುದ್ದೆ ಹಾಕಿಸಿಕೊಂಡ. ಆಮೇಲೆ, "ನಮ್ ತೋಟ್ದಲ್ಲೇ ಗಣಿ ಅಂತ ಊರಿಗೆಲ್ಲ ಹೇಳ್ಕಂಡ್ ತಿರುಗಿದ್ದೆ. ಇನ್ ಯಾವ್ ಮುಖ ಇಟ್ಕಂಡ್ ಹೋಗ್ಲಿ?" ಎಂದ.

"ಇರೋ ಮುಖಾನೇ ಇಟ್ಕಂಡ್ ಹೋಗ್ರಿ" ಎಂದಳು ಅವನ ಹೆಂಡತಿ. ಅವನು ನಗಲಿಲ್ಲ. ಬಸ್ಸು ಹತ್ತಿಸಲೂ ಬರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಗೂಟ ಕಿತ್ತುಕೊಂಡು ಹೊರಡುವಾಗ ಮೇಡಂ ಜೀಪು ನಿಲ್ಲಿಸಿ ನನ್ನನ್ನು ಕೇಳಿದ್ದರು: "ಇದನ್ನ ಎಲ್ಲಾದರೂ ಬರೆದಿಟ್ಟಿದ್ದೀರಾ ಅಜ್ಜಿ? ನಾವು ಹೋದಮೇಲೆ ಇನ್ನೊಬ್ಬರು ಬಂದು ಇದೇ ಮಣ್ಣು ತೆಗೀತಾರೆ. ಆಗ ಹೇಳೋಕೆ ಯಾರಿರ್ತಾರೆ?"

ಎಲ್ಲಿಯೂ ಬರೆದಿರಲಿಲ್ಲ. ಈಗ ಬರೆದಿದ್ದೇನೆ. ಆ ಮೂಲೆ ಬಾವಿಯಿಂದ ಮೂಡಲಿಗೆ ಇಪ್ಪತ್ತು ಹೆಜ್ಜೆ. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ತೋಟ ಮುಂದೆ ಯಾರ ಕೈಗೆ ಹೋದರೂ, ಮರಕ್ಕೆ ಕೊಡಲಿ ಹಾಕುವ ಮೊದಲು ಅವರಿಗೆ ಓದಿ ಹೇಳಿ.